ಕುಚ್ಚಲಕ್ಕಿಯ ಬೇಡಿಕೆ ರೇಖೆ

ಅರ್ಥಶಾಸ್ತ್ರದ ಪಠ್ಯಪುಸ್ತಕ ಬರೆಯುವವರು ಜಾಣರು. ಅವರು ಯಾವತ್ತೂ ಅಕ್ಕಿ, ಮೀನು, ಈರುಳ್ಳಿ ಎಂದು ಬರೆಯುವುದಿಲ್ಲ. ‘ವಸ್ತು ಎಕ್ಸ್’, ‘ವಸ್ತು ವೈ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಇದು ಬರೀ ಸೋಮಾರಿತನ ಎಂದು ನಾನು ವರ್ಷಗಟ್ಟಲೆ ಮಕ್ಕಳೆದುರು ಗೇಲಿ ಮಾಡಿದವಳು. ಎಕ್ಸ್ ಯಾವ ಅಂಗಡಿಯಲ್ಲಿ ಸಿಗುತ್ತದೆ, ವೈ ಹಾಕಿ ಗಂಜಿ ಬೇಯಿಸಬಹುದಾ ಎಂದು ಕೇಳಿ ನಗಿಸುತ್ತಿದ್ದೆ. ಆ ವರ್ಷ ಮೇ ತಿಂಗಳ ಕೊನೆಯಲ್ಲಿ ಕರಿಹಲಗೆಯ ಮೇಲಿನ ಎಕ್ಸ್ ಅಳಿಸಿ, ಅದರ ಜಾಗದಲ್ಲಿ ‘ಕುಚ್ಚಲಕ್ಕಿ’ ಎಂದು ಬರೆದೆ. ಬರೆದದ್ದಕ್ಕೆ ನನಗೇ ಖುಷಿಯಾಗಿತ್ತು.

ನಮ್ಮದು ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ರಸ್ತೆಯಲ್ಲಿರುವ ಸಣ್ಣ ಪದವಿ ಕಾಲೇಜು. ಮಕ್ಕಳು ಬೆಳುವಾಯಿಯಿಂದ, ಬೆಳ್ತಂಗಡಿಯಿಂದ, ಬಿ.ಸಿ.ರೋಡಿನಿಂದ, ಕೆಲವರು ಎರಡು ಬಸ್ಸು ಬದಲಿಸಿ ವಿಟ್ಲದಿಂದಲೂ ಬರುತ್ತಾರೆ. ಮೊದಲ ವರ್ಷದವರಿಗೆ ನಾನು ಸೂಕ್ಷ್ಮ ಅರ್ಥಶಾಸ್ತ್ರ ಮುಗಿಸಿ ಸಮಗ್ರ ಅರ್ಥಶಾಸ್ತ್ರಕ್ಕೆ ಕಾಲಿಟ್ಟಿದ್ದೆ. ಒಬ್ಬ ಗಿರಾಕಿ, ಒಂದು ಅಂಗಡಿ, ಒಂದು ಬೆಲೆ ಎಂಬಲ್ಲಿಂದ ಇಡೀ ದೇಶದ ಬೆಲೆ ಏರಿಕೆಗೆ ದಾಟುವ ಜಾಗ ಅದು. ಮಕ್ಕಳು ಅಲ್ಲಿಯೇ ಎಡವುತ್ತಾರೆ. ಹಣದುಬ್ಬರದ ವ್ಯಾಖ್ಯೆಯನ್ನು ಗಿಳಿಪಾಠ ಒಪ್ಪಿಸುತ್ತಾರೆ, ಅದು ತಮ್ಮೂರ ಅಂಗಡಿಯಲ್ಲಿ ಹುಟ್ಟುತ್ತದೆ ಎಂಬುದು ಮಾತ್ರ ತಲೆಗೆ ಹೋಗುವುದಿಲ್ಲ.

ಹಾಗಾಗಿ ಅವರಿಗೊಂದು ಕೆಲಸ ಕೊಟ್ಟೆ. ಪ್ರತಿಯೊಬ್ಬರೂ ತಮ್ಮ ಊರಿನ ಒಂದು ಅಂಗಡಿಗೆ ಹೋಗಿ ಕುಚ್ಚಲಕ್ಕಿ, ಬೇಳೆ, ತೆಂಗಿನೆಣ್ಣೆ, ಸಕ್ಕರೆ, ಒಣಮೀನು ಇವುಗಳ ಬೆಲೆ ಬರೆದುಕೊಂಡು ಬರಬೇಕು. ವಾರ ವಾರ ಅದೇ ಅಂಗಡಿ, ಅದೇ ಸಾಮಾನು. ಅದರಿಂದ ನಮ್ಮದೇ ಒಂದು ಬೆಲೆ ಸೂಚ್ಯಂಕ ತಯಾರಿಸುವುದು. ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಜನರ ನಿರೀಕ್ಷೆಯೇ ಬೆಲೆಯನ್ನು ತಳ್ಳುತ್ತದೆ ಎಂದು ಪಾಠದಲ್ಲಿ ಬರುತ್ತದಲ್ಲ, ಅದನ್ನೂ ತೋರಿಸಿಬಿಡುವ ಎಂಬ ಆಸೆ ನನಗೆ. ಇನ್ನೆರಡು ಪ್ರಶ್ನೆ ಸೇರಿಸಿದೆ: ಮುಂದಿನ ತಿಂಗಳು ಬೆಲೆ ಎಷ್ಟಾಗಬಹುದು, ಈಗ ನಿಮ್ಮಲ್ಲಿ ದಾಸ್ತಾನು ಎಷ್ಟಿದೆ.

ನಮ್ಮ ಕಡೆ ಮಳೆ ಹಿಡಿಯುವ ಮೊದಲು ಜಡಿಮಳೆಯ ಆಟಿ ತಿಂಗಳಿಗಾಗಿ, ಅಂದರೆ ಆಷಾಢಕ್ಕಾಗಿ, ಅಕ್ಕಿ ಕೂಡಿಡುವ ಕ್ರಮ ಇದೆ. ಹಿಂದೆ ಆಟಿಯಲ್ಲಿ ಕೆಲಸವೂ ಇರುತ್ತಿರಲಿಲ್ಲ, ಅಕ್ಕಿಯೂ ಇರುತ್ತಿರಲಿಲ್ಲ. ಈಗ ವರ್ಷವಿಡೀ ಅಂಗಡಿ ತೆರೆದಿರುತ್ತದೆ, ಆದರೂ ಮೇ ಮುಗಿಯುವಾಗ ಮನೆಯ ಹಿರಿಯರಿಗೆ ಅಕ್ಕಿಯ ಡಬ್ಬಿಯ ಕಡೆ ಕಣ್ಣು ಹೋಗುತ್ತದೆ. ಇದು ನನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಬೇಡಿಕೆ ಹೆಚ್ಚಿರುವ ಹೊತ್ತು, ಮಕ್ಕಳಿಗೆ ನೋಡಲು ಏನಾದರೂ ಸಿಗುತ್ತದೆ ಎಂದೇ ಆ ವಾರಗಳನ್ನು ಆರಿಸಿದ್ದೆ.

ಮೊದಲ ವಾರ ಏನೂ ಆಗಲಿಲ್ಲ. ಎರಡನೇ ವಾರದ ಅಂಕಿಗಳಲ್ಲಿ ಕುಚ್ಚಲಕ್ಕಿ ಒಂದಿಷ್ಟು ಏರಿತ್ತು. ಮೂರನೇ ವಾರ ಇನ್ನಷ್ಟು. ಬೇಳೆ, ಸಕ್ಕರೆ ಎಲ್ಲ ಇದ್ದಲ್ಲೇ ಇದ್ದವು. ನನಗೆ ಆಗ ಅನುಮಾನ ಬರಬೇಕಿತ್ತು. ಬಂದದ್ದು ಉತ್ಸಾಹ.

ಆ ದಿನ ಕರಿಹಲಗೆಯ ತುಂಬ ಬರೆದೆ. ಎಡಗಡೆ ಬೇಡಿಕೆ ರೇಖೆ, ಅದು ಬಲಕ್ಕೆ ಸರಿದು ಇನ್ನೊಂದು ರೇಖೆ, ಎರಡೂ ಪೂರೈಕೆ ರೇಖೆಯನ್ನು ಕತ್ತರಿಸುವ ಬಿಂದುಗಳು. ಮೇಲಿನ ಬಿಂದುವಿಗೆ ಕಣ್ಣಿಗೆ ಹೊಡೆಯುವಂಥ ಒಂದು ದೊಡ್ಡ ಬೆಲೆ ಹಾಕಿದೆ, ಈಗಿನ ಬೆಲೆಯ ಹೆಚ್ಚುಕಡಿಮೆ ಎರಡು ಪಟ್ಟು. ಸಣ್ಣ ವ್ಯತ್ಯಾಸ ಹಾಕಿದರೆ ಹಿಂದಿನ ಬೆಂಚಿಗೆ ಕಾಣುವುದಿಲ್ಲ, ಅಷ್ಟೇ ಕಾರಣ. ಕೆಳಗೆ ಊರುಗಳ ಹೆಸರು. ದಾಸ್ತಾನು ಎಷ್ಟೆಂದು ಯಾವ ಅಂಗಡಿಯವರೂ ಬಾಯಿಬಿಟ್ಟಿರಲಿಲ್ಲ, ವಿಟ್ಲದವರೊಬ್ಬರನ್ನು ಬಿಟ್ಟು. ವಿಟ್ಲದ ಅಂಕಿ ತಂದವಳು ಆ ಅಂಗಡಿಯವರ ಮಗಳೇ. ಬ್ಯಾರಿ ಮುಸ್ಲಿಂ ಕುಟುಂಬದ ಹುಡುಗಿ, ಮುಂದಿನ ಬೆಂಚಿನಲ್ಲಿ ಕೂತು ಎಲ್ಲವನ್ನೂ ಬರೆದುಕೊಳ್ಳುವವಳು. ಮಳೆಗಾಲಕ್ಕೆಂದು ಗೋದಾಮು ತುಂಬಿಸಿಟ್ಟಾಗಿದೆ, ಪ್ರತಿವರ್ಷವೂ ಇಡುತ್ತಾರೆ ಎಂದು ಅವಳು ಹೇಳಿದಳು. ಅಂಕಿಅಂಶ ಎಂದರೆ ಹೀಗೆ ಪೂರ್ತಿ ಇರಬೇಕು ಎಂದು ನಾನು ತರಗತಿಯ ಎದುರು ಅವಳನ್ನು ಹೊಗಳಿದೆ. ‘ವಿಟ್ಲ: ದಾಸ್ತಾನು ಗೋದಾಮು ತುಂಬ, ನಿರೀಕ್ಷೆ ಏರಿಕೆ’ ಎಂದು ಬರೆದೆ. ‘ಕಾಲ್ಪನಿಕ ಉದಾಹರಣೆ’ ಎಂದೂ, ‘ಇತರ ಎಲ್ಲ ಅಂಶಗಳು ಸ್ಥಿರವಾಗಿದ್ದರೆ’ ಎಂದೂ ಬರೆದಿದ್ದೆ. ಅದು ಹಲಗೆಯ ಬಲ ತುದಿಯಲ್ಲಿತ್ತು.

ಮರುದಿನ ಬೆಳಗ್ಗೆ ಬಿ.ಸಿ.ರೋಡಿನಲ್ಲಿ ಬಸ್ಸಿಗೆ ಕಾಯುವಾಗ ಎದುರಿನ ದಿನಸಿ ಅಂಗಡಿಯ ಮುಂದೆ ಜನ. ರಿಕ್ಷಾದವರು ಬಾಡಿಗೆ ಬಿಟ್ಟು ಮೂಟೆ ಹೇರುತ್ತಿದ್ದರು. ಸಾಲಿನಲ್ಲಿದ್ದ ಪರಿಚಯದ ಹೆಂಗಸೊಬ್ಬರು ನನ್ನನ್ನು ಕರೆದು, ನೀವೂ ತಕ್ಕೊಳ್ಳಿ ಟೀಚರೇ, ಯಾವುದೋ ಕಾಲೇಜಿನ ದೊಡ್ಡ ಪ್ರೊಫೆಸರು ಲೆಕ್ಕ ಹಾಕಿ ಹೇಳಿದ್ದಾರಂತೆ, ಅಕ್ಕಿ ಸಿಗ್ಲಿಕ್ಕಿಲ್ಲ ಇನ್ನು, ಎಂದು ಫೋನು ತೋರಿಸಿದರು. ಅದರಲ್ಲಿದ್ದದ್ದು ನನ್ನ ಅಕ್ಷರ. ಹಲಗೆಯ ಎಡ ಅರ್ಧ ಮಾತ್ರ. ನಮ್ಮವನೇ ಒಬ್ಬ ವಿದ್ಯಾರ್ಥಿ, ಮೇಡಂ ಪಾಠ ಚಂದ ಮಾಡಿದ್ದಾರೆ ಎಂಬ ಪ್ರೀತಿಗೆ, ಸ್ಟೇಟಸ್ಸಿಗೆ ಹಾಕಿದ್ದನಂತೆ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಕಾಲೇಜಿಗೆ ಹೋಗಿ ಮೊದಲು ಮಾಡಿದ ಕೆಲಸ, ಮಕ್ಕಳು ತಂದ ಅಂಕಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಹರಡಿದ್ದು. ಬೆಳ್ತಂಗಡಿಯ ವಿದ್ಯಾರ್ಥಿನಿಯೊಬ್ಬಳು ಮಹಾ ಮೈಗಳ್ಳಿ. ಒಂದೇ ವಾರ ಕೇಳಿ, ಉಳಿದದ್ದನ್ನು ಕೊನೆಯ ದಿನ ಅಂಗಡಿಯ ಬೋರ್ಡು ನೋಡಿ ತುಂಬಿಸಿದ್ದಳು. ಅವಳ ಅಂಗಡಿಯಲ್ಲಿ ಅಕ್ಕಿಯ ಬೆಲೆ ಅಲುಗಿಯೇ ಇರಲಿಲ್ಲ. ಬೆಳುವಾಯಿಯಲ್ಲಿ ಒಂದೇ ಅಂಗಡಿಗೆ ಮೂವರು ಹೋಗಿ, ಮೂವರೂ ವಾರ ವಾರ ‘ಮುಂದಿನ ತಿಂಗಳು ಎಷ್ಟಾಗಬಹುದು, ದಾಸ್ತಾನು ಎಷ್ಟುಂಟು’ ಎಂದು ಕೇಳಿದ್ದರು. ಎಲ್ಲಕ್ಕಿಂತ ಹೆಚ್ಚು ಏರಿದ್ದು ಅಲ್ಲಿ. ಶ್ರದ್ಧೆಯಿಂದ ಕೇಳಿದಲ್ಲಿ ಬೆಲೆ ಏರಿತ್ತು, ಸೋಮಾರಿಗಳು ಹೋದಲ್ಲಿ ಇಳಿದೂ ಇರಲಿಲ್ಲ, ಏರಿಯೂ ಇರಲಿಲ್ಲ. ಕಾಲೇಜಿನ ಗುರುತುಚೀಟಿ ಹಾಕಿಕೊಂಡ ಮಕ್ಕಳು ಮಳೆಗಾಲದ ಹೊಸ್ತಿಲಲ್ಲಿ ಬಂದು ಅಕ್ಕಿಯ ಬಗ್ಗೆ ಇಷ್ಟು ವಿಚಾರಿಸುತ್ತಾರೆ ಎಂದರೆ ಏನೋ ಉಂಟು ಎಂದು ಅಂಗಡಿಯವರು ಅಂದುಕೊಂಡಿದ್ದರು. ಪಕ್ಕದಲ್ಲಿ ಸಾಮಾನು ಕಟ್ಟಿಸಿಕೊಳ್ಳುತ್ತಿದ್ದವರು ಅದನ್ನು ಕೇಳಿಸಿಕೊಂಡಿದ್ದರು. ಬೆಲೆಯನ್ನು ಅಳೆಯಲು ಹೋಗಿ ನಾವೇ ಏರಿಸಿದ್ದೆವು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದು ಎನ್ನುತ್ತಾರಲ್ಲ, ನಾನು ಮಕ್ಕಳನ್ನು ಕಳಿಸಿ ಕರೆಸಿದ್ದೆ.

ಸ್ಪಷ್ಟೀಕರಣ ಬರೆದೆ. ಇದು ತರಗತಿಯ ಉದಾಹರಣೆ, ಬೆಲೆ ಕಾಲ್ಪನಿಕ, ಅಕ್ಕಿಯ ಕೊರತೆ ಇಲ್ಲ, ಗಾಳಿಸುದ್ದಿಯನ್ನು ಯಾರೂ ನಂಬಬಾರದು. ಮಕ್ಕಳು ಅದನ್ನು ಎಲ್ಲ ಗುಂಪುಗಳಿಗೂ ಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಅದು ಬಾಲ ಸೇರಿಸಿಕೊಂಡು ನನ್ನ ಫೋನಿಗೇ ಮರಳಿ ಬಂತು: ಪ್ರೊಫೆಸರರ ಬಾಯಿ ಮುಚ್ಚಿಸಿದ್ದಾರೆ, ಇನ್ನಾದರೂ ಎಚ್ಚರಾಗಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಅವಸ್ಥೆ. ಪ್ರಾಂಶುಪಾಲರು ಕರೆಸಿ, ಇನ್ನು ಒಂದಕ್ಷರವೂ ಬರೆಯಬೇಡಿ, ಕಾಲೇಜಿನ ಹೆಸರು ಎಲ್ಲಿಯೂ ಬರಬಾರದು, ತಾನಾಗಿ ತಣ್ಣಗಾಗುತ್ತದೆ ಎಂದರು. ಅವರ ಮಾತು ತಪ್ಪೆಂದು ಅನಿಸಲಿಲ್ಲ. ಆದರೆ ತಣ್ಣಗಾಗುವ ಮೊದಲು ಎಲ್ಲಿಯಾದರೂ ಹತ್ತಿಕೊಂಡರೆ ಎಂಬ ಭಯ ಹೋಗಲಿಲ್ಲ.

ಅದರ ಮರುದಿನ ವಿಟ್ಲದ ಹುಡುಗಿ ತರಗತಿಗೆ ಬರಲಿಲ್ಲ. ವಿರಾಮದಲ್ಲಿ ಅವಳ ಫೋನು ಬಂತು. ದನಿ ಎಷ್ಟು ತಗ್ಗಿತ್ತೆಂದರೆ ಪಕ್ಕದಲ್ಲಿ ಯಾರೋ ಮಲಗಿದ್ದಾರೆ ಎನ್ನುವ ಹಾಗೆ. ಬೆಳಗ್ಗಿನಿಂದ ಅಂಗಡಿಯ ಮುಂದೆ ಜನ ಸೇರಿದ್ದಾರೆ, ಉಪ್ಪ ಶಟರು ಅರ್ಧ ಎಳೆದು ಒಳಗೆ ಕೂತಿದ್ದಾರೆ ಎಂದಳು. ತಂದೆಯನ್ನು ಅವಳು ಕರೆಯುವುದು ಉಪ್ಪ ಎಂದು. ಆಮೇಲೆ ಒಂದು ಧ್ವನಿಸಂದೇಶ ಕಳಿಸಿದಳು. ಯಾರೋ ಗಂಡಸು, ಸಿಟ್ಟಿಲ್ಲದೆ, ಹವಾಮಾನ ಹೇಳಿದ ಹಾಗೆ ಹೇಳುತ್ತಿದ್ದ: “ವಿಟ್ಲದಲ್ಲಿ ಒಂದು ಗೋದಾಮು ತುಂಬ ಅಕ್ಕಿ ಅಡಗಿಸಿಟ್ಟಿದ್ದಾರೆ. ಯಾರದ್ದು ಅಂತ ನಾನು ಹೇಳಬೇಕಾ?”

ನಮ್ಮ ಕಡೆಯವರಿಗೆ ಇಂಥ ಮಾತಿನ ಉಳಿದರ್ಧವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹಲಗೆಯ ಮೇಲೆ ಊರಿನ ಹೆಸರು ಬರೆದವಳು ನಾನು. ಅಂಗಡಿ ಯಾವುದೆಂದು ಹುಡುಕುವುದಕ್ಕೆ ವಿಟ್ಲದ ಪೇಟೆ ಅಷ್ಟೇನೂ ದೊಡ್ಡದಲ್ಲ.

ಅರ್ಧ ದಿನದ ರಜೆ ಬರೆದು ಹೊರಟೆ. ಹೋಗಬೇಡಿ ಎಂದು ಪ್ರಾಂಶುಪಾಲರು ಎರಡು ಸಲ ಹೇಳಿದರು, ತಡೆಯಲಿಲ್ಲ. ಬಿ.ಸಿ.ರೋಡಿನಲ್ಲಿ ಇಳಿದು ವಿಟ್ಲದ ಬಸ್ಸು ಹತ್ತಿದೆ. ಬಸ್ಸಿನಲ್ಲೂ ಅದೇ ಮಾತು. ಬೆಂಕಿ ಇಲ್ಲದೆ ಹೊಗೆ ಬರುವುದಿಲ್ಲ ಎಂದು ಹಿಂದಿನ ಸೀಟಿನವರು ಪಕ್ಕದವರಿಗೆ ಬುದ್ಧಿ ಹೇಳುತ್ತಿದ್ದರು. ಆ ಬೆಂಕಿ ಹಚ್ಚಿದವಳು ಅವರ ಮುಂದೆಯೇ ಕೂತಿದ್ದೆ.

ಅಂಗಡಿಯ ಮುಂದೆ ಎರಡು ತರದ ಜನರಿದ್ದರು. ಚೀಲ ಹಿಡಿದುಕೊಂಡು ಬಂದವರು ಹೆಚ್ಚು. ರಸ್ತೆಯ ಆಚೆ ಬದಿ ಬೈಕುಗಳ ಮೇಲೆ ಕೂತ ಕೆಲವರ ಕೈಯಲ್ಲಿ ಚೀಲ ಇರಲಿಲ್ಲ. ಅವರು ಮಾತಾಡುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದರು. ನಾನು ಹಿಂಬದಿಯಿಂದ ಒಳಗೆ ಹೋದೆ. ಅಂಗಡಿಯವರು ಐವತ್ತು ದಾಟಿದ, ನಿಧಾನ ಮಾತಿನ ಮನುಷ್ಯ. ಮಗಳ ಟೀಚರೆಂದು ಸ್ಟೂಲು ಒರೆಸಿ ಕೂರಿಸಿದರು. ಆ ಮರ್ಯಾದೆ ನನಗೆ ಮುಳ್ಳಿನ ಮೇಲೆ ಕೂತ ಹಾಗಿತ್ತು. ಠಾಣೆಯಿಂದ ಒಬ್ಬರು ಬಂದು ನೋಡಿ, ಸದ್ಯಕ್ಕೆ ಶಟರು ಹಾಕಿ ಮನೆಗೆ ಹೋಗುವುದೇ ಕ್ಷೇಮ ಎಂದು ಹೇಳಿ ಹೋಗಿದ್ದರಂತೆ. ಪಕ್ಕದ ಅಂಗಡಿಯವರದ್ದು ಇನ್ನೊಂದು ಸಲಹೆ, ಒಬ್ಬರಿಗೆ ಇಷ್ಟೇ ಕಿಲೋ ಎಂದು ಬೋರ್ಡು ಹಾಕಿ ಎಂದು. ಎರಡೂ ಮಾತು ಯಾರಿಗಾದರೂ ಸರಿ ಎಂದೇ ಕಾಣಬೇಕು.

ನನಗೆ ಕಾಣಲಿಲ್ಲ. ಶಟರು ಹಾಕಿದರೆ, ಅಡಗಿಸಿಟ್ಟದ್ದು ನಿಜ ಎಂದಾಗುತ್ತದೆ. ಮಿತಿ ಹಾಕಿದರೆ, ಕೊರತೆ ನಿಜ ಎಂದಾಗುತ್ತದೆ. ಬ್ಯಾಂಕಿನ ಮುಂದೆ ಜನ ಮುತ್ತಿದಾಗ ಬಾಗಿಲು ಹಾಕಿದ ಬ್ಯಾಂಕು ಉಳಿಯುವುದಿಲ್ಲ, ನಗುಮುಖದಿಂದ ಕೊಡುತ್ತಾ ಹೋದ ಬ್ಯಾಂಕು ಉಳಿದರೂ ಉಳಿದೀತು ಎಂದು ನಾನು ಪ್ರತಿವರ್ಷ ಪಾಠ ಮಾಡುತ್ತೇನೆ. ಅದು ಪರೀಕ್ಷೆಯಲ್ಲಿ ಐದು ಅಂಕದ ಉತ್ತರ. ಯಾರದೋ ಅಂಗಡಿ, ಯಾರದೋ ಮೈಕೈ ಪಣಕ್ಕಿಟ್ಟು ಅದನ್ನು ಪರೀಕ್ಷಿಸಿ ನೋಡಿದ್ದಿಲ್ಲ. ಶಟರು ಪೂರ್ತಿ ಎತ್ತಿ, ಗೋದಾಮಿನ ಮೂಟೆಗಳನ್ನು ಜನರಿಗೆ ಕಾಣುವ ಹಾಗೆ ಜಗಲಿಗೆ ತಂದು ಪೇರಿಸಿ, ಮೊದಲಿನ ಬೆಲೆಗೆ, ಕೇಳಿದವರಿಗೆ ಕೇಳಿದಷ್ಟು ಕೊಡಿ ಎಂದು ಹೇಳಿದೆ.

ಪ್ರಶ್ನೆ ಕೇಳಿದ್ದು ಮಗಳು.

“ಮೇಡಂ, ಖಾಲಿ ಆದ್ರೆ?”

ಪಠ್ಯಪುಸ್ತಕ ಅಲ್ಲಿ ನಿಲ್ಲುತ್ತದೆ. ನಗುನಗುತ್ತಾ ಕೊಡುವ ಬ್ಯಾಂಕಿಗೆ ಹಿಂದಿನಿಂದ ತಂದುಕೊಡುವ ಇನ್ನೊಂದು ದೊಡ್ಡ ಬ್ಯಾಂಕು ಇರಬೇಕು. ಇವರ ಹಿಂದೆ ಇದ್ದದ್ದು ಬೆಳುವಾಯಿಯ ಕಡೆಯ ಒಂದು ಅಕ್ಕಿ ಗಿರಣಿ. ಅವರಿಗೆ ಫೋನು ಮಾಡಿ, ಒಂದು ಪಿಕಪ್ ಅಕ್ಕಿ ಈಗಲೇ ಹಳೆಯ ಬೆಲೆಗೆ ಕಳಿಸಬಹುದಾ ಎಂದು ಅಂಗಡಿಯವರು ತುಳುವಿನಲ್ಲಿ ಕೇಳಿದರು. ಗಿರಣಿಯವರು ಹಿಂದೆಮುಂದೆ ನೋಡಿದರು. ಬೆಲೆ ಏರುತ್ತಾ ಇರುವಾಗ ಈಗ ಯಾಕೆ ಕೊಡಲಿ ಎಂಬುದು ಅವರ ಪ್ರಶ್ನೆ. ಫೋಟೋ ಅವರಿಗೂ ಬಂದಿತ್ತು. ಕಾಲೇಜಿನ ಮೇಡಮ್ಮೇ ಬರೆದಿದ್ದಾರಲ್ಲ, ಎಂದರಂತೆ.

ನಾನು ಫೋನಿಗೆ ಕೈ ಚಾಚಿದೆ. ಆ ಮೇಡಂ ನಾನೇ ಎಂದೆ.

ಗಿರಣಿಯವರು ಕೇಳಿದರು, “ಹಾಗಾದ್ರೆ ನೀವು ಬರೆದದ್ದು ಸುಳ್ಳಾ ಮೇಡಂ? ಒಂದೇ ಮಾತು ಹೇಳಿ.”

ಸುಳ್ಳಲ್ಲ. ಬೇಡಿಕೆ ಬಲಕ್ಕೆ ಸರಿದರೆ ಬೆಲೆ ಏರುತ್ತದೆ, ಮತ್ತು ಆ ಹೊತ್ತಿಗೆ ಅದು ನನ್ನ ಕಣ್ಣೆದುರೇ ಸರಿಯುತ್ತಿತ್ತು. ನೀವು ಅಕ್ಕಿ ತಡೆದರೆ ನಾನು ಬರೆದ ಬೆಲೆಯೇ ಬಂದೀತು, ಕಳಿಸಿದರೆ ಬರಲಿಕ್ಕಿಲ್ಲ. ಇದು ಸರಿಯಾದ ಉತ್ತರ. ತರಗತಿಯಲ್ಲಾದರೆ ಇದನ್ನು ಅರ್ಧ ಗಂಟೆ ವಿವರಿಸುತ್ತಿದ್ದೆ. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

“ಸುಳ್ಳು,” ಎಂದೆ. “ನಾನೇ ಬರೆದದ್ದು, ನಾನೇ ಹೇಳ್ತೇನೆ. ಏರುವುದಿಲ್ಲ. ಅಕ್ಕಿ ಕಳಿಸಿ.”

ಲೋಡು ಮಾಡಿಸ್ತೇನೆ ಎಂದು ಅವರು ಫೋನಿಟ್ಟರು. ಮಾಡಿಸುತ್ತಾರೋ ಇಲ್ಲವೋ ಹೇಳುವ ಹಾಗಿರಲಿಲ್ಲ.

ಅಂಗಡಿಯವರು ಎದ್ದರು. ಶಟರಿಗೆ ಕೈ ಹಾಕಿ ಮೇಲಕ್ಕೆ ತಳ್ಳಿದರು. ಆ ಸದ್ದಿಗೆ ಹೊರಗಿನ ಗದ್ದಲ ಒಮ್ಮೆಲೇ ನಿಂತಿತು. ರಸ್ತೆಯ ಆಚೆ ಕೂತಿದ್ದವರಲ್ಲಿ ಇಬ್ಬರು ಬೈಕಿನಿಂದ ಇಳಿದರು. ಅಂಗಡಿಯವರು ಅವರ ಕಡೆ ನೋಡಲಿಲ್ಲ. ಮೊದಲ ಮೂಟೆಯನ್ನು ತಾವೇ ಹೊತ್ತು ತಂದು ಜಗಲಿಯ ಮೇಲಿಟ್ಟು, ಎಷ್ಟು ಬೇಕು ಎಂದು ಎದುರಿನ ಅಜ್ಜಿಯನ್ನು ಕೇಳಿದರು. ಅಜ್ಜಿ ಬೆಲೆ ಕೇಳಿದರು. ಮೊದಲಿನದ್ದೇ ಎಂದಾಗ ನಂಬದೆ ಇನ್ನೊಮ್ಮೆ ಕೇಳಿದರು.

ಮೂಟೆಗಳು ಹೊರಬಂದವು. ಹುಡುಗಿ ತಕ್ಕಡಿಯ ಬಳಿ ನಿಂತಳು, ನಾನು ಚೀಲಗಳ ಬಾಯಿ ಹಿಡಿದೆ. ಸುಮಾರು ಜನ ಬೇಕಾದ್ದಕ್ಕಿಂತ ಹೆಚ್ಚೇ ಕೇಳಿದರು, ಕೇಳಿದಷ್ಟೂ ಸಿಕ್ಕಿದಾಗ ಮುಖ ಸಪ್ಪೆ ಮಾಡಿಕೊಂಡರು. ಒಬ್ಬರು ಎರಡು ಮೂಟೆ ರಿಕ್ಷಾಕ್ಕೆ ಹಾಕಿಸಿದರು. ಪಕ್ಕದ ಅಂಗಡಿಯವರು ತಮ್ಮ ಬಾಗಿಲನ್ನು ಮೆಲ್ಲನೆ ಎಳೆದುಕೊಂಡರು. ಮಧ್ಯಾಹ್ನ ದಾಟಿದರೂ ಸಾಲು ಕರಗಲಿಲ್ಲ. ರಾಶಿ ಮಾತ್ರ ಕರಗುತ್ತಿತ್ತು, ಜಗಲಿಯ ನೆಲ ಕಾಣತೊಡಗಿತ್ತು. ಅಕ್ಕಿ ಮುಗಿದ ಮೇಲೆ, ಇನ್ನೂ ಒಳಗಿದೆ ತೆಗೆಯಿರಿ ಎಂದು ಯಾರಾದರೂ ಒಬ್ಬರು ಕೂಗಿದರೆ ಸಾಕಿತ್ತು. ಬೈಕಿನಿಂದ ಇಳಿದವರು ಈಗ ಸಾಲಿನ ಪಕ್ಕಕ್ಕೆ ಬಂದು ನಿಂತಿದ್ದರು. ಅವರಲ್ಲೊಬ್ಬ ಗೋದಾಮಿನ ಬಾಗಿಲವರೆಗೆ ನಡೆದು, ಬಗ್ಗಿ ಒಳಗೆ ನೋಡಿದ. ಅಂಗಡಿಯವರು ತೂಗುತ್ತಿದ್ದ ಅಕ್ಕಿಯನ್ನು ಬಿಟ್ಟು ಅವನ ಬಳಿ ಹೋಗಿ, ದೀಪ ಹಾಕಿ, ಸರಿ ನೋಡಿ ಎಂದರು. ಅವನು ನೋಡಿದ. ಫೋಟೋ ತೆಗೆದುಕೊಂಡ.

ಗಿರಣಿಯ ಪಿಕಪ್ ಬಂದಾಗ ಜಗಲಿಯಲ್ಲಿ ಕೆಲವೇ ಮೂಟೆ ಉಳಿದಿತ್ತು. ಅದು ಹಾರ್ನು ಹೊಡೆಯುತ್ತಾ ಜನರ ನಡುವೆ ದಾರಿ ಮಾಡಿಕೊಂಡು ಬಂತು. ಟಾರ್ಪಾಲು ಎತ್ತಿದಾಗ ಮೇಲಿನವರೆಗೂ ಅಕ್ಕಿ. ಸಾಲಿನ ತುದಿಯಲ್ಲಿದ್ದವರು ಕತ್ತು ಚಾಚಿ ನೋಡಿದರು. ಒಬ್ಬರು ಗಡಿಯಾರ ನೋಡಿಕೊಂಡರು. ಇನ್ನೊಬ್ಬರು, ನಾಳೆ ಬರುವ ಮಾರಾಯ, ಎಲ್ಲಿಗೂ ಹೋಗುವುದಿಲ್ಲ ಅದು, ಎಂದು ಜೊತೆಯವನನ್ನು ಕರೆದುಕೊಂಡು ಹೊರಟರು. ಐದು ಅಂಕದ ಉತ್ತರ ನಿಜವಾಗುವುದನ್ನು ನಾನು ಮೊದಲ ಸಲ ನೋಡಿದೆ. ಅಳು ಬಂತು, ಹಿಂದೆ ಹೋಗಿ ಮುಖ ತೊಳೆದುಕೊಂಡೆ. ಬೈಕಿನವರು ಎಲ್ಲರಿಗಿಂತ ಕೊನೆಗೆ ಹೋದರು, ಅವಸರವಿಲ್ಲದೆ.

ಸಂಜೆ ಹುಡುಗಿ ಚಹಾ ತಂದಳು. ಗೆದ್ದೆವು ಎಂಬ ಮುಖ ನನ್ನದಿದ್ದಿರಬೇಕು. ಅಂಗಡಿಯವರು ಖಾಲಿ ಗೋಣಿಗಳನ್ನು ಮಡಚುತ್ತಾ ಇದ್ದರು. ನಾನು ಕ್ಷಮೆ ಕೇಳಿದೆ. ನೀವು ಬಂದಿರಲ್ಲ, ಸಾಕು ಎಂದರು. ಇನ್ನೊಂದು ಗೋಣಿ ಮಡಚಿಟ್ಟು ಹೇಳಿದರು:

“ಇವತ್ತು ಬಂದವರಲ್ಲಿ ಹೆಚ್ಚಿನವರು ನಮ್ಮ ಗಿರಾಕಿಗಳೇ ಮೇಡಂ. ಅವರ ಮಳೆಗಾಲಕ್ಕೆ ಅಂತಲೇ ನಾನು ಅಕ್ಕಿ ತುಂಬಿಸಿಡುವುದು. ಅದು ಅವರಿಗೂ ಗೊತ್ತುಂಟು. ಅಕ್ಕಿ ಇಲ್ಲ ಅಂತ ಹೆದರಿ ಬಂದದ್ದಾದ್ರೆ ನನಗೆ ಬೇಜಾರಿಲ್ಲ. ನಾನು ಅಡಗಿಸಿದ್ದೇನೆ ಅಂತ ನಂಬಿದ್ರು.”

ನಾನೂ ಒಂದು ಗೋಣಿ ಎತ್ತಿಕೊಂಡು ಮಡಚತೊಡಗಿದೆ.

ಜೂನ್ ಕಳೆಯುವುದರೊಳಗೆ ಎಲ್ಲ ಊರುಗಳಲ್ಲೂ ಅಕ್ಕಿಯ ಬೆಲೆ ಮೊದಲಿದ್ದಲ್ಲಿಗೆ ಬಂತು. ಕೂಡಿಟ್ಟವರಿಗೆ ಹೊಸದಾಗಿ ಕೊಳ್ಳಬೇಕಾಗಿರಲಿಲ್ಲವಾದ್ದರಿಂದ ಕೆಲವು ಕಡೆ ಅದಕ್ಕಿಂತಲೂ ಕೆಳಗಿಳಿಯಿತು. ಹುಡುಗಿ ಕಾಲೇಜಿಗೆ ಮರಳಿದಳು. ಮುಂದಿನ ಬೆಂಚಿನಲ್ಲೇ ಕೂರುತ್ತಿದ್ದಳು, ಪ್ರಶ್ನೆ ಕೇಳುವುದು ಕಡಿಮೆಯಾಗಿತ್ತು. ನಾನಾಗಿ ಆ ವಿಷಯ ಎತ್ತಲಿಲ್ಲ.

ಮಳೆ ಜೋರಾಗಿ ಹಿಡಿದ ಮೇಲೆ, ಪುತ್ತೂರಿಗೆ ಹೋಗುವ ಕೆಲಸವಿದ್ದು ವಿಟ್ಲದ ಮೇಲಿಂದ ಹೋದೆ. ಬಸ್ಸು ಅಂಗಡಿಯ ಮುಂದೆ ನಿಧಾನವಾಯಿತು. ಅಂಗಡಿ ತೆರೆದಿತ್ತು, ಗಿರಾಕಿಗಳೂ ಇದ್ದರು. ಪಕ್ಕದ ಗೋದಾಮಿಗೆ ಮಾತ್ರ ಬಾಗಿಲಿರಲಿಲ್ಲ. ಚೌಕಟ್ಟಿನಿಂದಲೇ ಕಳಚಿ ತೆಗೆದಿದ್ದರು. ಒಳಗಿನ ಮೂಟೆಗಳು ರಸ್ತೆಗೇ ಕಾಣುತ್ತಿದ್ದವು, ಎರಚಲು ಹೊಡೆಯದ ಹಾಗೆ ಹಿಂದಕ್ಕೆ ಸರಿಸಿ ಪ್ಲಾಸ್ಟಿಕ್ ಹೊದಿಸಿದ್ದರು.

ಮರುದಿನ ತರಗತಿ ಮುಗಿದ ಮೇಲೆ ಹುಡುಗಿಯನ್ನು ಕರೆದು ಬಾಗಿಲು ಏನಾಯಿತು ಎಂದು ಕೇಳಿದೆ. ಉಪ್ಪನೇ ತೆಗೆಸಿದರು ಎಂದಳು. ದಾರಿಯಲ್ಲಿ ಹೋಗುವವರಿಗೆಲ್ಲ ಎಷ್ಟುಂಟು ಅಂತ ಕಾಣಲಿ, ಯಾರೂ ಕೇಳುವುದು ಬೇಡ ಎಂದರಂತೆ. ಈ ಮಳೆಯಲ್ಲಿ ಬಾಗಿಲಿಲ್ಲದೆ ಅಕ್ಕಿ ಇಡುವುದು ಹೇಗೆ, ಕಳ್ಳರಿಲ್ಲವಾ, ದನಕರು ನುಗ್ಗುವುದಿಲ್ಲವಾ ಎಂದೆ.

ಅವಳು ಪುಸ್ತಕಗಳನ್ನು ಚೀಲಕ್ಕೆ ಹಾಕಿಕೊಂಡಳು.

“ಉಪ್ಪ ರಾತ್ರಿ ಅಲ್ಲೇ ಮಲಗ್ತಾರೆ ಮೇಡಂ,” ಎಂದಳು.